ನೀರಿಗೆ ಬಂದ ಜಿಂಕೆ: ಅಕ್ರಿಲಿಕ್‌ನಲ್ಲಿ ಕಾಡಿನ ಚಿತ್ರ, ಹಂತ ಹಂತವಾಗಿ

ಕಾಡುಪ್ರಾಣಿಯ ಚಿತ್ರ ಬಿಡಿಸಲು ಕೂತರೆ ಕೈ ಮೊದಲು ಪ್ರಾಣಿಯ ಕಡೆಗೇ ಓಡುತ್ತದೆ. ಸಹಜ ಅಲ್ವಾ? ನಾವು ಕೂತಿದ್ದೇ ಅದಕ್ಕಾಗಿ. ನನ್ನ ಮೊದಲ ಜಿಂಕೆಯ ಕಥೆಯೂ ಇದೇ. ಮೂರು ಸಂಜೆ ಕೂತು ಮೈಮೇಲಿನ ಒಂದೊಂದು ಚುಕ್ಕೆ ಇಟ್ಟೆ. ರೆಪ್ಪೆಯ ಕೂದಲನ್ನೂ ಬಿಡಲಿಲ್ಲ. ಆಮೇಲೆ ಉಳಿದ ಜಾಗಕ್ಕೆ ಹಸಿರು ಬಳಿದೆ. ಎದ್ದು ನಾಲ್ಕು ಹೆಜ್ಜೆ ಹಿಂದೆ ಹೋಗಿ ನೋಡಿದಾಗ ಬೇಜಾರಾಯಿತು. ಜಿಂಕೆ ಬೇರೆ, ಕಾಡು ಬೇರೆ. ಎಲ್ಲಿಂದಲೋ ಕತ್ತರಿಸಿ ತಂದು ಅಂಟಿಸಿದ ಹಾಗಿತ್ತು. ಕಾಡಿಗೆ ಬಿದ್ದ ಬೆಳಕು ಜಿಂಕೆಯ ಬೆನ್ನಿಗೆ ಬಿದ್ದೇ ಇರಲಿಲ್ಲ.

ಆವತ್ತಿನಿಂದ ನಾನು ಹಿಡಿದ ದಾರಿ ಒಂದೇ. ಮೊದಲು ಬೆಳಕು, ಆಮೇಲೆ ಕಾಡು, ಆಮೇಲೆ ಪ್ರಾಣಿ. ಚುಕ್ಕೆ, ಕೂದಲು ಎಲ್ಲ ಕೊನೆಗೆ. ಈ ದಾರಿಯಲ್ಲೇ ಒಂದು ಚಿತ್ರವನ್ನು ಶುರುವಿನಿಂದ ಮುಗಿಯುವವರೆಗೆ ಬಿಡಿಸೋಣ. ದೃಶ್ಯ ಹೀಗಿದೆ: ಬೆಳಗಿನ ಹೊತ್ತು. ಕಾಡಿನ ನಡುವೆ ಒಂದು ಹೊಂಡ. ಹಿಂದಿನ ಮರಗಳಿಗೆ ಮಂಜು ಮುಸುಕಿದೆ. ಒಂದು ಚುಕ್ಕೆ ಜಿಂಕೆ ಕುತ್ತಿಗೆ ಬಗ್ಗಿಸಿ ನೀರು ಕುಡಿಯುತ್ತಿದೆ. ಬಿಸಿಲು ಎಡಗಡೆ, ಸ್ವಲ್ಪ ಹಿಂದಿನಿಂದ ಬರುತ್ತಿದೆ. ಈ ಕೊನೆಯ ಮಾತನ್ನು ಒಂದು ಚೀಟಿಯಲ್ಲಿ ಬರೆದು ಕ್ಯಾನ್ವಾಸಿನ ಮೇಲ್ತುದಿಗೆ ಅಂಟಿಸಿಕೊಳ್ಳಿ. ನಾನು ಈಗಲೂ ಹಾಗೇ ಮಾಡುತ್ತೇನೆ.

ಏನೇನು ಬೇಕು

16 × 20 ಇಂಚಿನ ಕ್ಯಾನ್ವಾಸ್ ಸಾಕು. ತೀರಾ ಚಿಕ್ಕದಾದರೆ ಜಿಂಕೆಯ ಕಣ್ಣು ಸಾಸಿವೆಯಷ್ಟಾಗಿ ಕೈ ಓಡುವುದಿಲ್ಲ.

ಬಣ್ಣ ಆರೇ ಆರು: ಟೈಟೇನಿಯಂ ವೈಟ್, ಅಲ್ಟ್ರಾಮರೀನ್ ಬ್ಲೂ, ಬರ್ಂಟ್ ಅಂಬರ್, ಬರ್ಂಟ್ ಸಿಯೆನ್ನಾ, ಯೆಲ್ಲೋ ಓಕರ್, ಕ್ಯಾಡ್ಮಿಯಂ ಯೆಲ್ಲೋ. ಕಪ್ಪು ಮತ್ತು ಹಸಿರನ್ನು ಬೇಕಂತಲೇ ಬಿಟ್ಟಿದ್ದೇನೆ. ಅಲ್ಟ್ರಾಮರೀನ್ ಜೊತೆ ಬರ್ಂಟ್ ಅಂಬರ್ ಸೇರಿಸಿದರೆ ಜೀವ ಇರುವ ಕಪ್ಪು ಬರುತ್ತದೆ. ನೀಲಿ ಜಾಸ್ತಿ ಹಾಕಿದರೆ ತಣ್ಣನೆಯ ಕಪ್ಪು, ಕಂದು ಜಾಸ್ತಿ ಹಾಕಿದರೆ ಬೆಚ್ಚನೆಯ ಕಪ್ಪು. ಹಸಿರೂ ಹಾಗೆಯೇ. ಅದೇ ನೀಲಿಗೆ ಓಕರ್ ಸೇರಿಸಿದರೆ ಮಾಸಲು ಹಸಿರು, ಕ್ಯಾಡ್ಮಿಯಂ ಯೆಲ್ಲೋ ಸೇರಿಸಿದರೆ ಎಳೆ ಎಲೆಯ ಹಸಿರು. ಟ್ಯೂಬಿನಿಂದ ನೇರ ಬಂದ ಹಸಿರು ಪ್ಲಾಸ್ಟಿಕ್ ಎಲೆಯ ಹಾಗೆ ಕಾಣುತ್ತದೆ.

ಬ್ರಶ್‌ಗಳು ಸಿಂಥೆಟಿಕ್ ಇರಲಿ. 2 ಇಂಚಿನ ಚಪ್ಪಟೆ ಬ್ರಶ್ ಒಂದು, ತುದಿ ದುಂಡಗಿರುವ ಚಪ್ಪಟೆ ಬ್ರಶ್ 8ನೇ ನಂಬರಿನದು ಒಂದು, ದುಂಡು ಬ್ರಶ್ 4ನೇ ನಂಬರಿನದು ಒಂದು. ಉದ್ದ ಕೂದಲಿನ ಲೈನರ್ 1ನೇ ನಂಬರಿನದು ಒಂದು. ಇವುಗಳ ಜೊತೆ ಕೂದಲು ಕೆದರಿಹೋದ ಹಳೇ ಬ್ರಶ್ ಇದ್ದರೆ ಎಸೆಯಬೇಡಿ. ಎಲೆ ಮತ್ತು ಮಂಜಿಗೆ ಅದರಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ. ಎರಡು ಲೋಟ ನೀರು, ಹಳೇ ಬಟ್ಟೆ, ನೀರು ಚಿಮುಕಿಸುವ ಸ್ಪ್ರೇ ಬಾಟಲಿ, ಒಂದು ಡಬ್ಬಿ ಗ್ಲೇಜಿಂಗ್ ಮೀಡಿಯಂ (ಬಣ್ಣವನ್ನು ಕೆಳಗಿನದು ಕಾಣುವಷ್ಟು ತೆಳು ಮಾಡುವ ಅಂಟು ದ್ರವ) ಕೂಡ ಹತ್ತಿರ ಇಟ್ಟುಕೊಳ್ಳಿ.

ಬಣ್ಣದ ಸ್ವಭಾವ

ಅಕ್ರಿಲಿಕ್ ಎಂದರೆ ನೀರಿನಲ್ಲಿ ತೇಲುವ ಪ್ಲಾಸ್ಟಿಕ್ ಕಣಗಳು ಮತ್ತು ಬಣ್ಣದ ಪುಡಿ. ನೀರು ಆರಿದ ಹಾಗೆ ಕಣಗಳು ಒಂದಕ್ಕೊಂದು ಅಂಟಿ ತೆಳುವಾದ ಪೊರೆ ಆಗುತ್ತದೆ. ಒಮ್ಮೆ ಪೊರೆ ಕಟ್ಟಿತು ಅಂದರೆ ಮತ್ತೆ ನೀರಿಗೆ ಕರಗುವುದಿಲ್ಲ. ನಮಗೆ ಬೇಕಾಗಿರುವುದೂ ಇದೇ. ತೆಳು ಪದರ ಹತ್ತಿಪ್ಪತ್ತು ನಿಮಿಷದಲ್ಲಿ ಆರುತ್ತದೆ. ಅದರ ಮೇಲೆ ಇನ್ನೊಂದು ಪದರ ಹಾಕಿದರೆ ಕೆಳಗಿನದು ಕದಡುವುದಿಲ್ಲ. ಪ್ರಾಣಿಯ ತುಪ್ಪಳಕ್ಕೆ ಹತ್ತಾರು ಪದರ ಬೇಕು. ಅದಕ್ಕೇ ಈ ಬಣ್ಣ ಅಷ್ಟು ಹೊಂದುತ್ತದೆ.

ಆದರೆ ಇದೇ ಗುಣ ಬ್ರಶ್‌ಗೆ ಕಂಟಕ. ಬಣ್ಣ ಅಂಟಿದ ಬ್ರಶ್ ಅನ್ನು ಪಕ್ಕಕ್ಕಿಟ್ಟು ಫೋನಿನಲ್ಲಿ ಮಾತಾಡಿ ಬಂದರೆ ಅದು ಕಡ್ಡಿಯಾಗಿರುತ್ತದೆ. ಕೈಯಲ್ಲಿ ಇಲ್ಲದ ಬ್ರಶ್ ನೀರಿನಲ್ಲಿರಲಿ, ಆದರೆ ಮಲಗಿದ ಹಾಗೆ. ತುದಿ ಕೆಳಗಾಗಿ ನಿಲ್ಲಿಸಿದರೆ ಸೊಟ್ಟಗಾಗುತ್ತದೆ.

ಇನ್ನೊಂದು ವಿಷಯ. ಹಸಿಯಿದ್ದಾಗ ಕಾಣುವ ಬಣ್ಣಕ್ಕಿಂತ ಆರಿದ ಬಣ್ಣ ಒಂದು ಛಾಯೆ ಗಾಢವಾಗಿರುತ್ತದೆ. ಒಳಗಿನ ಅಂಟು ಹಸಿಯಿದ್ದಾಗ ಹಾಲಿನ ಹಾಗೆ ಬೆಳ್ಳಗಿದ್ದು, ಆರಿದಾಗ ಗಾಜಿನ ಹಾಗೆ ತಿಳಿಯಾಗುವುದೇ ಇದಕ್ಕೆ ಕಾರಣ. ಹಾಗಾಗಿ ಮುಖ್ಯವಾದ ಬಣ್ಣ ಕಲಸಿದಾಗ ಕಾಗದದ ಚೂರಿಗೆ ಹಚ್ಚಿ, ಆರಿಸಿ ನೋಡಿ. ಆಮೇಲೆ ಕ್ಯಾನ್ವಾಸಿಗೆ ತನ್ನಿ.

ಪ್ಯಾಲೆಟ್ ಮೇಲೂ ಬಣ್ಣ ಬೇಗ ಒಣಗುತ್ತದೆ. ಒಂದು ಅಗಲ ಡಬ್ಬಿಯಲ್ಲಿ ಒದ್ದೆ ಬಟ್ಟೆ ಹಾಸಿ, ಮೇಲೆ ಬೇಕಿಂಗ್‌ಗೆ ಬಳಸುವ ಕಾಗದ ಹಾಸಿ, ಅದರ ಮೇಲೆ ಬಣ್ಣ ಹಾಕಿಕೊಳ್ಳಿ. ಮುಚ್ಚಳ ಮುಚ್ಚಿಟ್ಟರೆ ಮರುದಿನವೂ ಬಣ್ಣ ಮೆತ್ತಗೇ ಇರುತ್ತದೆ.

ಫೋಟೊ ಮತ್ತು ರೇಖೆ

ನೀವೇ ತೆಗೆದ ಫೋಟೊ ಇದ್ದರೆ ಒಳ್ಳೆಯದು. ಬೇರೆಯವರದಾದರೆ ಕೇಳಿ ಬಳಸಿ. ಒಂದೇ ಫೋಟೊಗೆ ಜೋತುಬೀಳಬೇಡಿ. ನಿಲುವಿಗೆ ಒಂದು, ತಲೆಯ ವಿವರಕ್ಕೆ ಒಂದು, ನೀರಿಗೆ ಒಂದು ಇರಲಿ. ಆದರೆ ಎಲ್ಲದರಲ್ಲೂ ಬೆಳಕು ಒಂದೇ ಕಡೆಯಿಂದ ಬರುತ್ತಿದೆಯಾ ನೋಡಿಕೊಳ್ಳಿ. ಬರದಿದ್ದರೆ ಆಕಾರವನ್ನು ಮಾತ್ರ ಫೋಟೊದಿಂದ ತೆಗೆದುಕೊಂಡು ಬೆಳಕನ್ನು ನೀವೇ ಕೂರಿಸಿ. ಫೋಟೊದ ನೆರಳು ನಂಬಬೇಡಿ. ಕ್ಯಾಮೆರಾಕ್ಕೆ ಬರೀ ಕಪ್ಪಾಗಿ ಕಂಡ ಜಾಗದಲ್ಲಿ ಕಣ್ಣಿಗೆ ನೀಲಿ, ನೇರಳೆ, ಹಸಿರು ಎಲ್ಲ ಕಾಣುತ್ತದೆ.

ರೇಖೆ ಹಾಕುವ ಮೊದಲು ಅಂಗೈಯಗಲದ ಕಾಗದದಲ್ಲಿ ಪೆನ್ಸಿಲಿನಿಂದ ಮೂರೇ ಛಾಯೆಯಲ್ಲಿ ದೃಶ್ಯವನ್ನು ಗೀಚಿ: ತಿಳಿ, ನಡುವಿನದು, ಗಾಢ. ಐದು ನಿಮಿಷದ ಕೆಲಸ. ಇದನ್ನು ಬಿಟ್ಟ ಚಿತ್ರಗಳೇ ಮುಂದೆ ನನ್ನನ್ನು ಜಾಸ್ತಿ ಕಾಡಿವೆ. ಜಿಂಕೆಯನ್ನು ನಟ್ಟನಡುವೆ ನಿಲ್ಲಿಸಬೇಡಿ. ಬಲಗಡೆ ಮೂರನೇ ಒಂದು ಭಾಗದಲ್ಲಿ ನಿಲ್ಲಿಸಿ, ಮುಖ ಎಡಕ್ಕಿರಲಿ. ಅದು ನೋಡುವ ಕಡೆ ಜಾಗ ಜಾಸ್ತಿ ಇದ್ದರೆ ಚಿತ್ರಕ್ಕೆ ಉಸಿರಾಡಲು ಅನುಕೂಲ.

ಕ್ಯಾನ್ವಾಸಿಗೆ ಇಳಿಸಲು ಚೌಕದ ವಿಧಾನ ಸುಲಭ. 8 × 10 ಇಂಚಿನ ಪ್ರಿಂಟಿನ ಮೇಲೆ ಒಂದೊಂದು ಇಂಚಿಗೆ ಗೆರೆ ಎಳೆಯಿರಿ. ಕ್ಯಾನ್ವಾಸಿನ ಮೇಲೆ ಎರಡೆರಡು ಇಂಚಿಗೆ ಎಳೆಯಿರಿ. ಎರಡೂ ಕಡೆ 80 ಚೌಕ ಆಗುತ್ತದೆ. ಒಂದು ಚೌಕದಲ್ಲಿ ಕಂಡಿದ್ದನ್ನು ಇನ್ನೊಂದಕ್ಕೆ ಇಳಿಸುತ್ತಾ ಹೋಗಿ. ಪೆನ್ಸಿಲ್ ಒತ್ತಬೇಡಿ. ಗೆರೆ ಹಾಕುವ ಮೊದಲೇ ಕ್ಯಾನ್ವಾಸಿಗೆ ಒಂದೆರಡು ಕೈ ಗೆಸ್ಸೊ (ಬಣ್ಣಕ್ಕೂ ಮೊದಲು ಹಚ್ಚುವ ಬಿಳಿ ತಳಪದರ) ಬಳಿದು, ಆರಿದ ಮೇಲೆ ನಯವಾದ ಸ್ಯಾಂಡ್ ಪೇಪರಿನಿಂದ ತಿಕ್ಕಿದರೆ ಸಣ್ಣ ಕೂದಲಿನ ಗೆರೆಗಳು ಕೊನೆಯಲ್ಲಿ ಚೆನ್ನಾಗಿ ಕೂರುತ್ತವೆ.

ಕಾಲುಗಳನ್ನು ಬಿಡಿಸುವಾಗ ಒಂದು ವಿಷಯ ನೆನಪಿರಲಿ. ಜಿಂಕೆಯ ಹಿಂಗಾಲಿನಲ್ಲಿ ಹಿಂದಕ್ಕೆ ಮಡಚಿದ ಮೊಣಕಾಲಿನ ಹಾಗೆ ಕಾಣುವುದು ನಿಜಕ್ಕೂ ಅದರ ಹಿಮ್ಮಡಿ. ಮೊಣಕಾಲು ಇನ್ನೂ ಮೇಲೆ, ಹೊಟ್ಟೆಯ ಹತ್ತಿರ ಇದೆ. ಇದು ಗೊತ್ತಿದ್ದರೆ ಕಾಲಿನ ತೂಕ ಎಲ್ಲಿ ಬೀಳುತ್ತದೆ ಎನ್ನುವುದು ಕೈಗೆ ತಾನಾಗಿಯೇ ತಿಳಿಯುತ್ತದೆ. ನೀರು ಕುಡಿಯುವ ಜಿಂಕೆಯ ಮುಂಗಾಲುಗಳು ಸ್ವಲ್ಪ ಅಗಲವಾಗುತ್ತವೆ, ಹೆಗಲ ಮೂಳೆ ಮೇಲಕ್ಕೆ ಉಬ್ಬುತ್ತದೆ. ಒಂದು ಕಿವಿಯನ್ನು ಹಿಂದಕ್ಕೆ ತಿರುಗಿಸಿ. ಕುಡಿಯುವಾಗಲೂ ಅದು ಸದ್ದು ಆಲಿಸುತ್ತಿರುತ್ತದೆ. ಆ ಒಂದು ಕಿವಿಯಿಂದಲೇ ಚಿತ್ರದಲ್ಲಿ ಕಾಡಿನ ಭಯ ಬರುತ್ತದೆ.

ಹಿನ್ನೆಲೆ

ಮೊದಲು ಬಿಳಿ ಕ್ಯಾನ್ವಾಸನ್ನು ಕೊಲ್ಲಬೇಕು. ಬರ್ಂಟ್ ಸಿಯೆನ್ನಾವನ್ನು ನೀರಿನಲ್ಲಿ ತೆಳು ಮಾಡಿ ದೊಡ್ಡ ಬ್ರಶ್‌ನಿಂದ ಇಡೀ ಕ್ಯಾನ್ವಾಸಿಗೆ ಬಳಿಯಿರಿ. ಪೆನ್ಸಿಲ್ ಗೆರೆ ಕೆಳಗೆ ಕಾಣುತ್ತಲೇ ಇರಲಿ. ಮುಂದೆ ಹಾಕುವ ಹಸಿರಿನ ನಡುನಡುವೆ ಈ ಕೆಂಗಂದು ಇಣುಕುತ್ತದೆ, ಕಾಡಿಗೂ ಜಿಂಕೆಗೂ ಒಂದು ನಂಟು ಬೆಸೆಯುತ್ತದೆ.

ಆಮೇಲೆ ದೂರದಿಂದ ಹತ್ತಿರಕ್ಕೆ ಬರೋಣ. ಮೇಲ್ಭಾಗಕ್ಕೆ ಬಿಳಿ, ಚೂರು ನೀಲಿ, ಚೂರು ಓಕರ್. ಎಡ ಮೂಲೆಯಲ್ಲಿ ಓಕರ್ ಜಾಸ್ತಿ, ಏಕೆಂದರೆ ಸೂರ್ಯ ಅಲ್ಲಿದ್ದಾನೆ. ಬಲಕ್ಕೆ ಹೋದ ಹಾಗೆ ನೀಲಿ ಜಾಸ್ತಿ. ಕ್ಯಾನ್ವಾಸಿಗೆ ಸ್ವಲ್ಪ ನೀರು ಚಿಮುಕಿಸಿ, ದೊಡ್ಡ ಬ್ರಶ್ ಅನ್ನು ಅಡ್ಡಡ್ಡ ಆಡಿಸುತ್ತಾ ಎರಡೂ ಬಣ್ಣ ಬೆರೆಸಿ. ಬೇಗ ಕೆಲಸ ಮಾಡಿ. ಅರ್ಧ ಆರಿದ ಬಣ್ಣವನ್ನು ಮತ್ತೆ ಉಜ್ಜಿದರೆ ಚಕ್ಕೆ ಎದ್ದುಬರುತ್ತದೆ. ಸರಿ ಬರಲಿಲ್ಲ ಅಂದರೆ ಬಿಟ್ಟುಬಿಡಿ, ಪೂರ್ತಿ ಆರಲಿ, ಇನ್ನೊಂದು ಪದರ ಹಾಕಿ.

ದೂರದ ಮರಗಳಿಗೆ ಅದೇ ಆಕಾಶದ ಬಣ್ಣವನ್ನೇ ಒಂದು ಛಾಯೆ ಗಾಢ ಮಾಡಿ. ಅದರ ಮುಂದಿನ ಸಾಲಿಗೆ ಇನ್ನೊಂದು ಛಾಯೆ. ಮೂರನೇ ಸಾಲಿಗೆ ಸ್ವಲ್ಪ ಹಸಿರು, ಸ್ವಲ್ಪ ಕಂದು. ದೂರ ಹೋದ ಹಾಗೆ ನಡುವಿನ ಗಾಳಿ, ತೇವ ಬೆಳಕನ್ನು ಚೆದುರಿಸುತ್ತವೆ. ಅದರಿಂದ ದೂರದ್ದು ತಿಳಿಯಾಗಿ, ನೀಲಿಯಾಗಿ, ಅಂಚು ಮೆತ್ತಗಾಗಿ ಕಾಣುತ್ತದೆ. ಮರದ ಕಾಂಡಗಳ ಬುಡ ಬಿಡಿಸಲೇಬೇಡಿ. ಮಂಜಿನಲ್ಲಿ ಕರಗಲಿ. ಕೆದರಿದ ಹಳೇ ಬ್ರಶ್‌ಗೆ ಆಕಾಶದ ಬಣ್ಣ ಹಚ್ಚಿ, ಬಟ್ಟೆಗೆ ಚೆನ್ನಾಗಿ ಒರೆಸಿ, ಉಳಿದ ಚೂರುಪಾರು ಬಣ್ಣದಿಂದ ಬುಡದ ಹತ್ತಿರ ಸುತ್ತುಸುತ್ತಾಗಿ ಮೆಲ್ಲಗೆ ತಿಕ್ಕಿ. ಮೂರು ಸಲ ತೆಳುವಾಗಿ ಹೀಗೆ ಮಾಡಿದರೆ ನಿಜವಾದ ಮಂಜು ಏಳುತ್ತದೆ. ಒಂದೇ ಸಲ ದಪ್ಪಗೆ ಬಳಿದರೆ ಸುಣ್ಣ ಚೆಲ್ಲಿದ ಹಾಗೆ ಕಾಣುತ್ತದೆ.

ಇಲ್ಲಿ ಎಲೆ ಎಣಿಸಲು ಹೋಗಬೇಡಿ. ಹಿನ್ನೆಲೆಯಲ್ಲಿ ವಿವರ ಜಾಸ್ತಿಯಾದರೆ ಕಣ್ಣು ಜಿಂಕೆಯ ಹತ್ತಿರ ಬರುವುದೇ ಇಲ್ಲ.

ಜಿಂಕೆ

ಈಗ ಜಿಂಕೆಗೆ ಬರೋಣ. ಚುಕ್ಕೆ ಮರೆತುಬಿಡಿ. ಮೈಯನ್ನು ಒಂದು ಪೀಪಾಯಿ, ಕುತ್ತಿಗೆಯನ್ನು ಒಂದು ಕೊಳವೆ ಎಂದು ಅಂದುಕೊಳ್ಳಿ. ಬರ್ಂಟ್ ಅಂಬರ್ ಮತ್ತು ಅಲ್ಟ್ರಾಮರೀನ್ ಬೆರೆಸಿ ನೆರಳಿನ ಭಾಗ ಹಾಕಿ: ಹೊಟ್ಟೆಯ ಕೆಳಗೆ, ನಮ್ಮ ಕಡೆಯ ತೊಡೆಯ ಹಿಂಭಾಗ, ದವಡೆಯ ಅಡಿ, ಆಚೆ ಬದಿಯ ಕಾಲುಗಳು. ನಡುವಿನ ಛಾಯೆಗೆ ಬರ್ಂಟ್ ಸಿಯೆನ್ನಾ ಮತ್ತು ಅಂಬರ್. ಬೆಳಕು ಬಿದ್ದ ಬೆನ್ನು, ಹೆಗಲು, ಕುತ್ತಿಗೆಯ ಮೇಲಂಚಿಗೆ ಸಿಯೆನ್ನಾ, ಓಕರ್, ಚೂರು ಬಿಳಿ. ಮೂರೇ ಛಾಯೆ. 8ನೇ ನಂಬರ್ ಬ್ರಶ್ ಸಾಕು.

ಈಗ ಎದ್ದು ದೂರ ಹೋಗಿ, ಕಣ್ಣು ಕಿರಿದು ಮಾಡಿ ನೋಡಿ. ಫೋನಿನಲ್ಲಿ ಕಪ್ಪು ಬಿಳುಪಿನ ಫೋಟೊ ತೆಗೆದು ನೋಡಿದರೆ ಇನ್ನೂ ಸ್ಪಷ್ಟ. ಕಣ್ಣು, ಚುಕ್ಕೆ, ಕೂದಲು ಏನೂ ಇಲ್ಲದೆಯೇ ಜಿಂಕೆ ದುಂಡಗೆ ನಿಂತಿದೆಯಾ? ಬಿಸಿಲಿನಲ್ಲಿದೆ ಅನ್ನಿಸುತ್ತದೆಯಾ? ಇಲ್ಲ ಅಂದರೆ ಮುಂದೆ ಹೋಗಬೇಡಿ. ಇಲ್ಲೇ ತಿದ್ದಿ. ಇಲ್ಲಿ ಸರಿಯಾಗದ್ದು ಸಾವಿರ ಕೂದಲು ಎಳೆದರೂ ಸರಿಯಾಗುವುದಿಲ್ಲ.

ಒಂದು ಗುಟ್ಟು: ನೆರಳಿನ ಭಾಗಕ್ಕೆ ಹಿನ್ನೆಲೆಯ ನೀಲಿ ಬೂದು ಬಣ್ಣವನ್ನು ಚೂರು ತಂದು ಸೇರಿಸಿ. ಹೊಟ್ಟೆಯ ಅಡಿಗೆ ನೆಲದ ಓಕರ್ ಸೇರಿಸಿ. ನೆಲಕ್ಕೆ ಬಿದ್ದ ಬಿಸಿಲು ಮೇಲಕ್ಕೆ ಚಿಮ್ಮಿ ಹೊಟ್ಟೆಗೆ ತಾಗುತ್ತದೆ. ಅಂಟಿಸಿದ ಹಾಗೆ ಕಾಣುವ ದೋಷ ಅರ್ಧ ಹೋಗುವುದು ಇದರಿಂದಲೇ. ಇನ್ನರ್ಧ ಅಂಚಿನಲ್ಲಿದೆ. ಬಿಸಿಲು ಬಿದ್ದ ಬೆನ್ನಿನ ಅಂಚು ಚೂಪಾಗಿರಲಿ. ನೆರಳಿನ ಕಡೆಯ ಅಂಚನ್ನು ಒದ್ದೆ ಬೆರಳಿನಿಂದ ಒರೆಸಿ ಹಿನ್ನೆಲೆಗೆ ಸೇರಿಸಿಬಿಡಿ.

ಕಣ್ಣು

ಇದಕ್ಕೆ ಒಂದು ಇಡೀ ಸಂಜೆ ಇಟ್ಟುಕೊಳ್ಳಿ. ಜಿಂಕೆಯ ಕಣ್ಣು ದೂರಕ್ಕೆ ಕಪ್ಪು ಗುಂಡಿಯ ಹಾಗೆ ಕಂಡರೂ ಹತ್ತಿರದಲ್ಲಿ ಅದರೊಳಗೆ ಬೇಕಾದಷ್ಟಿದೆ. ಪಾಪೆ ಅಡ್ಡಡ್ಡ ಉದ್ದವಾಗಿರುತ್ತದೆ, ನಮ್ಮದರ ಹಾಗೆ ದುಂಡಗಿರುವುದಿಲ್ಲ. ಸುತ್ತ ಗಾಢ ಕಂದು. ಮೊದಲು ಇಡೀ ಕಣ್ಣಿನ ಆಕಾರವನ್ನು ನಮ್ಮ ಕಲಸಿದ ಕಪ್ಪಿನಿಂದ ತುಂಬಿ. ಆರಿದ ಮೇಲೆ ಕೆಳ ಅರ್ಧಕ್ಕೆ ಬರ್ಂಟ್ ಸಿಯೆನ್ನಾದ ತೆಳು ಬಾಗಿದ ಪಟ್ಟಿ ಎಳೆಯಿರಿ. ಬೆಳಕು ಮೇಲಿನಿಂದ ಒಳಹೊಕ್ಕು ಕೆಳಗಿನ ಕಂದನ್ನು ಬೆಳಗುತ್ತದೆ. ಮೇಲಿನ ಅರ್ಧ ಕಪ್ಪಾಗಿಯೇ ಇರಲಿ, ಅದು ರೆಪ್ಪೆಯ ನೆರಳು.

ಹೊಳಪಿನ ಚುಕ್ಕೆಗೆ ಅಚ್ಚ ಬಿಳಿ ಬೇಡ. ಅದು ಆಕಾಶದ ಪ್ರತಿಬಿಂಬ. ಹಾಗಾಗಿ ಬಿಳಿಗೆ ಚೂರು ನೀಲಿ ಬೆರೆಸಿ, ಮೇಲ್ಭಾಗದಲ್ಲಿ, ಎಡಕ್ಕೆ ವಾಲಿದ ಹಾಗೆ ಒಂದು ಸಣ್ಣ ಅಡ್ಡ ಗೀಟು ಇಡಿ. ಅದರ ನಡುವೆ ಸೂಜಿಮೊನೆಯಷ್ಟು ಅಚ್ಚ ಬಿಳಿ. ಆ ಕ್ಷಣದಲ್ಲಿ ಜಿಂಕೆ ನಿಮ್ಮನ್ನು ನೋಡುತ್ತದೆ. ಎಷ್ಟು ಸಲ ಮಾಡಿದರೂ ನನಗೆ ಅಲ್ಲಿ ಮೈ ಜುಮ್ಮೆನ್ನುತ್ತದೆ.

ಕಣ್ಣಿನ ಮುಂದಿನ ಮೂಲೆಯಿಂದ ಮೂಗಿನ ಕಡೆಗೆ ಒಂದು ಗಾಢವಾದ ಸೀಳು ಇರುತ್ತದೆ. ಅದು ವಾಸನೆಯ ಗ್ರಂಥಿ. ಹಲವರು ಅದನ್ನು ಬಿಡುತ್ತಾರೆ, ಆಗ ಮುಖ ಕರುವಿನದೋ ಮೇಕೆಯದೋ ಅನ್ನಿಸುತ್ತದೆ. ಮೂಗಿಗೆ ಕಪ್ಪು, ಅದರ ಮೇಲೆ ತೇವದ ಹೊಳಪಿಗೆ ಎರಡು ನೀಲಿ ಬೂದು ಚುಕ್ಕೆ. ಕಿವಿಯ ಒಳಗೆ ತಿಳಿ. ಬಿಸಿಲು ಹಿಂದಿನಿಂದ ಬರುವುದರಿಂದ ಎಡ ಕಿವಿಯ ತೆಳು ಚರ್ಮದಲ್ಲಿ ಬೆಳಕು ಹಾಯ್ದು ಕೆಂಪಾಗಿ ಹೊಳೆಯುತ್ತದೆ. ಅಲ್ಲಿ ಸಿಯೆನ್ನಾಗೆ ಚೂರು ಕ್ಯಾಡ್ಮಿಯಂ ಯೆಲ್ಲೋ ಸೇರಿಸಿ.

ಕೂದಲು, ಆಮೇಲೆ ಚುಕ್ಕೆ

ಕೂದಲಿಗೆ ಬಣ್ಣ ಶಾಯಿಯ ಹಾಗೆ ಹರಿಯಬೇಕು. ಬರೀ ನೀರು ಹಾಕಿ ತೆಳು ಮಾಡುತ್ತಾ ಹೋದರೆ ಅಂಟು ದುರ್ಬಲವಾಗುತ್ತದೆ, ನೀರಿನ ಜೊತೆ ಸ್ವಲ್ಪ ಮೀಡಿಯಂ ಸೇರಿಸಿ. ಲೈನರ್ ಅನ್ನು ಅದ್ದಿ, ಹೊರಳಿಸಿ ಚೂಪು ಮಾಡಿಕೊಳ್ಳಿ. ಕೂದಲಿನ ಬುಡದಲ್ಲಿ ಬ್ರಶ್ ತಾಗಿಸಿ, ಎಳೆಯುತ್ತಲೇ ಮೇಲಕ್ಕೆತ್ತಿ. ಗೆರೆಯ ತುದಿ ತಾನಾಗಿಯೇ ಸಣ್ಣಗಾಗುತ್ತದೆ. ಮೊದಲು ಒಂದು ಹಾಳೆ ತುಂಬ ಸುಮ್ನೆ ಅಭ್ಯಾಸ ಮಾಡಿ, ಆಮೇಲೆ ಜಿಂಕೆಯ ಮೈಗೆ ಕೈ ಹಾಕಿ.

ಕೂದಲಿನ ದಿಕ್ಕು ನೋಡಿಕೊಳ್ಳಿ. ಮೂಗಿನಿಂದ ಹಣೆಯ ಕಡೆಗೆ, ಅಲ್ಲಿಂದ ಕುತ್ತಿಗೆ ಹಿಡಿದು ಬಾಲದ ಕಡೆಗೆ. ಹೆಗಲ ಹತ್ತಿರ ಕೆಳಕ್ಕೆ ಬಾಗುತ್ತದೆ. ಕಾಲಿನಲ್ಲಿ ಗೊರಸಿನ ಕಡೆಗೆ ಇಳಿಯುತ್ತದೆ. ಮುಖದಲ್ಲಿ ತೀರಾ ಗಿಡ್ಡ, ಎದೆ ಮತ್ತು ಹೊಟ್ಟೆಯ ಹತ್ತಿರ ಉದ್ದ. ಗಾಢ ಬಣ್ಣದ ಕೂದಲು ಮೊದಲು, ನಡುವಿನದು ಆಮೇಲೆ, ತಿಳಿಯದು ಕೊನೆಗೆ. ಇಡೀ ಮೈಗೆ ಕೂದಲು ಎಳೆಯಬೇಕಿಲ್ಲ. ಬೆಳಕು ನೆರಳಿಗೆ ತಿರುಗುವ ಜಾಗದಲ್ಲಿ ಮತ್ತು ಅಂಚಿನಲ್ಲಿ ಎಳೆದರೆ ಉಳಿದದ್ದನ್ನು ನೋಡುವವರ ಕಣ್ಣೇ ತುಂಬಿಕೊಳ್ಳುತ್ತದೆ.

ಈಗ ಚುಕ್ಕೆ. ಚುಕ್ಕೆಗಳು ಸುಮ್ಮನೆ ಎರಚಿದ ಹಾಗೆ ಇರುವುದಿಲ್ಲ. ಬೆನ್ನಿನ ಮೇಲೆ ಕತ್ತಿನಿಂದ ಬಾಲದವರೆಗೆ ಒಂದು ಗಾಢ ಪಟ್ಟಿ ಓಡುತ್ತದೆ. ಅದರ ಅಕ್ಕಪಕ್ಕದಲ್ಲಿ ಚುಕ್ಕೆಗಳ ಸಾಲು. ಹೊಟ್ಟೆಯ ಹತ್ತಿರದ ಸಾಲಿನಲ್ಲಿ ಚುಕ್ಕೆಗಳು ಒಂದಕ್ಕೊಂದು ತಾಗಿ ಗೆರೆಯ ಹಾಗೇ ಕಾಣುತ್ತವೆ. ನಡುವೆ ಇರುವವು ಸಾಲು ಸಾಲಾಗಿದ್ದರೂ ಅಳತೆ ಒಂದೇ ಇಲ್ಲ. ಮೊದಲು ಮೈಯ ಉಬ್ಬು ತಗ್ಗಿನ ಮೇಲೆ ಈ ಸಾಲುಗಳು ಹೇಗೆ ಬಾಗುತ್ತವೆ ಎಂದು ತೆಳುವಾಗಿ ಗುರುತು ಮಾಡಿಕೊಳ್ಳಿ. ನಮ್ಮ ಎದುರಿಗಿರುವ ಚುಕ್ಕೆ ದುಂಡಗೆ. ಬೆನ್ನಿನ ತಿರುವಿಗೆ ಹೋದ ಹಾಗೆ ಕಿರಿದಾಗಿ ಸೌತೆ ಬೀಜದ ಆಕಾರ.

ಬಣ್ಣವೂ ಒಂದೇ ಅಲ್ಲ. ಬಿಸಿಲಿನಲ್ಲಿರುವ ಚುಕ್ಕೆಗೆ ಬಿಳಿ ಮತ್ತು ಚೂರು ಓಕರ್. ನೆರಳಿನಲ್ಲಿರುವ ಚುಕ್ಕೆ ನೀಲಿ ಬೂದು. ಅದು ಬಿಸಿಲಿನಲ್ಲಿರುವ ಕಂದು ಮೈಗಿಂತಲೂ ಗಾಢವಾಗಿರಬಹುದು. ನಂಬಲು ಕಷ್ಟ, ಆದರೆ ಇಟ್ಟು ನೋಡಿ. ಕೊನೆಗೆ ಚುಕ್ಕೆಯ ಅಂಚಿನ ಮೇಲೆ ನಾಲ್ಕೈದು ಕಂದು ಕೂದಲು ಎಳೆಯಿರಿ. ಆಗ ಚುಕ್ಕೆ ಚರ್ಮದ ಮೇಲೆ ಅಂಟಿಸಿದ್ದಲ್ಲ, ತುಪ್ಪಳದೊಳಗಿಂದಲೇ ಬಂದದ್ದು ಅನ್ನಿಸುತ್ತದೆ.

ನೀರು

ಪ್ರತಿಬಿಂಬ ನೇರ ಕೆಳಕ್ಕೆ ಬೀಳುತ್ತದೆ, ಬಿಸಿಲು ಯಾವ ಕಡೆಯಿಂದ ಬಂದರೂ ಅಷ್ಟೇ. ಮೂತಿ ನೀರಿಗೆ ತಾಗಿದ ಜಾಗದಲ್ಲೇ ಪ್ರತಿಬಿಂಬದ ಮೂತಿಯೂ ಶುರು. ಆದರೆ ಮೇಲಿನ ಚಿತ್ರವನ್ನು ಮಗುಚಿ ಹಾಕಿದರೆ ಸಾಲದು. ನೀರು ಜಿಂಕೆಯನ್ನು ಕೆಳಗಿನಿಂದ ನೋಡುತ್ತದೆ. ನಮಗೆ ಕಾಣದ ದವಡೆಯ ಅಡಿ, ಗಂಟಲಿನ ಬಿಳಿ, ಹೊಟ್ಟೆಯ ಅಡಿ ಅಲ್ಲಿ ಜಾಸ್ತಿ ಕಾಣುತ್ತವೆ. ಛಾಯೆಯಲ್ಲಿ ತಿಳಿಯಾದದ್ದು ಸ್ವಲ್ಪ ಗಾಢವಾಗುತ್ತದೆ, ಗಾಢವಾದದ್ದು ಸ್ವಲ್ಪ ತಿಳಿಯಾಗುತ್ತದೆ. ಬಣ್ಣವನ್ನು ಉದ್ದುದ್ದಕ್ಕೆ ಕೆಳಗೆ ಎಳೆದು, ಆರುವ ಮೊದಲೇ ಒಣ ಚಪ್ಪಟೆ ಬ್ರಶ್‌ನಿಂದ ಒಂದೇ ಸಲ ಅಡ್ಡ ಸವರಿ.

ಮೂತಿಯ ಸುತ್ತ ಎರಡು ಮೂರು ಅಲೆಯುಂಗುರ ಹಾಕಿ. ಅವು ಚಪ್ಪಟೆಯಾದ ಉಂಗುರಗಳು. ದೂರದ ಬದಿ ಸಣ್ಣ ಗೆರೆ, ಹತ್ತಿರದ ಬದಿ ದಪ್ಪ.

ಮುನ್ನೆಲೆ, ಗ್ಲೇಜ್, ವಾರ್ನಿಶ್

ಮುನ್ನೆಲೆಗೆ ಗಾಢ ಹಸಿರಿನ ಹುಲ್ಲು, ಒಂದೆರಡು ಕಲ್ಲು. ಕೆಲವು ಹುಲ್ಲು ಗೊರಸಿನ ಮುಂದೆ ಹಾದುಹೋಗಲಿ. ಗೊರಸು ಪೂರ್ತಿ ಕಂಡರೆ ಜಿಂಕೆ ನೆಲದ ಮೇಲೆ ತೇಲುತ್ತದೆ. ಗೊರಸಿನ ಅಡಿಗೆ ಗಾಢವಾದ ಸಣ್ಣ ನೆರಳು ಮರೆಯಬೇಡಿ.

ಇಡೀ ಚಿತ್ರ ಒಂದು ದಿನ ಆರಲಿ. ಆಮೇಲೆ ಹತ್ತು ಪಾಲು ಗ್ಲೇಜಿಂಗ್ ಮೀಡಿಯಂಗೆ ಒಂದು ಪಾಲು ಓಕರ್ ಕಲಸಿ, ಬಿಸಿಲಿನ ಭಾಗಗಳ ಮೇಲೆಲ್ಲ ತೆಳುವಾಗಿ ಸವರಿ: ಆಕಾಶದ ಎಡ ಮೂಲೆ, ಮರದ ಅಂಚು, ಜಿಂಕೆಯ ಬೆನ್ನು, ಹುಲ್ಲಿನ ತುದಿ. ನೆರಳುಗಳ ಮೇಲೆ ಅದೇ ರೀತಿ ಅಲ್ಟ್ರಾಮರೀನ್. ಒಂದೇ ಬಣ್ಣದ ಗಾಜಿನ ಮೂಲಕ ಎಲ್ಲವನ್ನೂ ನೋಡಿದ ಹಾಗೆ ಆಗಿ, ಕಾಡೂ ಜಿಂಕೆಯೂ ಒಂದೇ ಬೆಳಗಿನೊಳಗೆ ಬಂದು ನಿಲ್ಲುತ್ತವೆ. ಇದಾದ ಮೇಲೆ ಬೆನ್ನಿನ ಅಂಚಿಗೆ, ಕಿವಿಯ ತುದಿಗೆ, ಅಲೆಯುಂಗುರದ ಒಂದೆರಡು ಕಡೆಗೆ ಅತಿ ತಿಳಿ ಬಣ್ಣದ ಕೊನೆಯ ಗೆರೆಗಳನ್ನು ಇಟ್ಟು ಬ್ರಶ್ ಕೆಳಗಿಡಿ.

ವಾರ್ನಿಶ್‌ಗೆ ಆತುರ ಬೇಡ. ಮೇಲೆ ಆರಿದ ಹಾಗೆ ಕಂಡರೂ ಒಳಗಿನ ತೇವ ಹೋಗಲು ಸಮಯ ಬೇಕು. ಎರಡು ವಾರ ಬಿಡಿ. ಸಹಿಯನ್ನು ಅದಕ್ಕೂ ಮೊದಲೇ ಹಾಕಿ. ಆಮೇಲೆ ಚಿತ್ರವನ್ನು ಸಮತಟ್ಟಾಗಿ ಮಲಗಿಸಿ, ದೂಳು ಒರೆಸಿ, ಅಗಲ ಬ್ರಶ್‌ನಿಂದ ಸ್ಯಾಟಿನ್ (ಅರೆ ಹೊಳಪಿನ) ವಾರ್ನಿಶ್‌ನ ಎರಡು ತೆಳು ಪದರ ಕೊಡಿ, ಎರಡನೆಯದನ್ನು ಮೊದಲನೆಯದಕ್ಕೆ ಅಡ್ಡವಾಗಿ. ಬ್ರಶ್ ತೊಳೆದ ಬಣ್ಣದ ನೀರನ್ನು ಸಿಂಕಿಗೆ ಸುರಿಯಬೇಡಿ. ಒಂದು ಬಕೆಟಿನಲ್ಲಿ ನಿಲ್ಲಲು ಬಿಡಿ, ನೀರು ಆವಿಯಾದ ಮೇಲೆ ತಳದಲ್ಲಿ ಉಳಿದ ಪೊರೆಯನ್ನು ಕಿತ್ತು ಕಸಕ್ಕೆ ಹಾಕಿ.